ಸಮಯ ಹೋಗೋದು ಬಾಣಗಳಲ್ಲಿ

ಫ್ಲೋಚಾರ್ಟ್ ಅಂದ್ರೆ ನಮಗೆ ಮೊದಲು ನೆನಪಾಗೋದು ಸಿ ಪ್ರೋಗ್ರಾಮಿಂಗ್ ಲ್ಯಾಬ್ ರೆಕಾರ್ಡ್. ಪ್ರೋಗ್ರಾಂ ರನ್ ಆದ ಮೇಲೆ, ರೆಕಾರ್ಡ್ ತುಂಬಿಸೋಕೆ ಅಂತ ಸ್ಕೇಲ್ ಹಿಡಿದು ಬಿಡಿಸೋ ಚಿತ್ರ. ಆದರೆ ಇದು ಹುಟ್ಟಿದ್ದು ಕಂಪ್ಯೂಟರಿಗಾಗಿ ಅಲ್ಲ. 1921ರಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದೆ 'ಪ್ರೋಸೆಸ್ ಚಾರ್ಟ್' ಮಂಡಿಸಿದರು. ಒಂದು ಕೆಲಸ ಮೊದಲಿನಿಂದ ಕೊನೆಯವರೆಗೆ ಹೇಗೆ ಸಾಗುತ್ತದೆ ಎಂದು ಕಣ್ಣಿಗೆ ಕಾಣುವಂತೆ ಮಾಡುವುದೇ ಅದರ ಉದ್ದೇಶ.

ನಮಗೆಲ್ಲ ಗೊತ್ತಿರೋ ಕೆಲಸವನ್ನೇ ತಗೊಳ್ಳೋಣ: ನೋ ಡ್ಯೂಸ್ ಫಾರ್ಮ್. ಲೈಬ್ರರಿ, ಲ್ಯಾಬ್, ಹಾಸ್ಟೆಲ್, ಅಕೌಂಟ್ಸ್, ಕೊನೆಗೆ ಎಚ್‌ಒಡಿ. ಕಾಗದದ ಮೇಲೆ ನೆಟ್ಟಗೆ ಐದು ಬಾಕ್ಸ್. ಒಂದು ಸಹಿಗೆ ಎರಡು ನಿಮಿಷ ಅಂದ್ರೂ ಹತ್ತು ನಿಮಿಷದ ಕೆಲಸ. ಹಾಗಾದ್ರೆ ಎರಡು ಮೂರು ದಿನ ಯಾಕೆ ಓಡಾಡ್ತೀವಿ?

ನಿಯಮದಲ್ಲಿ ಇರೋದನ್ನಲ್ಲ, ನಿಜವಾಗಿ ನಡೆಯೋದನ್ನ ಬರೆದರೆ ಉತ್ತರ ಸಿಗುತ್ತೆ. ಲೈಬ್ರರಿಯಲ್ಲಿ ಒಂದು ಡೈಮಂಡ್: 'ದಂಡ ಬಾಕಿ ಇದೆಯಾ?' ಇದ್ದರೆ ಅಕೌಂಟ್ಸ್‌ಗೆ ಹೋಗಿ ಕಟ್ಟಬೇಕು, ರಸೀದಿ ಹಿಡಿದು ವಾಪಸ್ ಬರಬೇಕು. ಲ್ಯಾಬಲ್ಲಿ ಇನ್ನೊಂದು: 'ಇನ್‌ಚಾರ್ಜ್ ಇದ್ದಾರಾ?' ಇಲ್ಲದಿದ್ದರೆ ನಾಳೆ. ಈಗ ಪ್ರತಿ ಬಾಕ್ಸಿಗೂ ಪ್ರತಿ ಬಾಣಕ್ಕೂ ಹಿಡಿದ ಸಮಯ ಬರೆಯಿರಿ. ಕೆಲಸ ಆಗೋದು ಬಾಕ್ಸಲ್ಲಿ. ಸಮಯ ಹೋಗೋದು ಬಾಣಗಳಲ್ಲಿ. ಸಹಿ ಮಾಡೋರಿಗೆ 'ಬೇಗ ಮಾಡಿ' ಅಂದ್ರೆ ಉಳಿಯೋದು ನಿಮಿಷ, ಬಾಣ ಸರಿ ಮಾಡಿದ್ರೆ ಉಳಿಯೋದು ದಿನ.

ಸರಿ ಮಾಡೋಕೆ ನಾಲ್ಕು ಪ್ರಶ್ನೆ ಸಾಕು. ಈ ಹೆಜ್ಜೆ ತೆಗೆಯಬಹುದಾ? ಎರಡನ್ನು ಸೇರಿಸಬಹುದಾ? ಕ್ರಮ ಬದಲಿಸಬಹುದಾ? ಇನ್ನೂ ಸರಳ ಮಾಡಬಹುದಾ? ಲೈಬ್ರರಿ, ಲ್ಯಾಬ್, ಹಾಸ್ಟೆಲ್ ಬಾಕಿ ಮೊತ್ತವನ್ನ ಫಾರ್ಮಲ್ಲೇ ಬರೆದು ಸಹಿ ಹಾಕಿದರೆ, ಅಕೌಂಟ್ಸ್‌ನಲ್ಲಿ ಎಲ್ಲ ಒಟ್ಟಿಗೆ ಕಟ್ಟಬಹುದು; ವಾಪಸ್ ಬರೋ ಬಾಣವೇ ಇರಲ್ಲ. ಬಾಕಿ ಇರುವವರ ಪಟ್ಟಿ ಮೊದಲೇ ಆಫೀಸಿಗೆ ಹೋದರೆ, ಬಾಕಿ ಇಲ್ಲದವರು ಮೂರು ಕಡೆ ಅಲೆಯೋದೇ ತಪ್ಪುತ್ತೆ.

ಒಂದು ಎಚ್ಚರಿಕೆ: ಬೇಡ ಅನಿಸಿದ ಸಹಿಯನ್ನ ಹೊಡೆದುಹಾಕೋ ಮೊದಲು ಕೌಂಟರಲ್ಲಿ ಕೂತವರನ್ನ ಕೇಳಿ. ಅದರ ಹಿಂದೆ ಕಳೆದುಹೋದ ಪುಸ್ತಕದ್ದೋ ಒಡೆದ ಉಪಕರಣದ್ದೋ ಕಥೆ ಇರಬಹುದು. ಹಾಗೇ, ಚಾರ್ಟ್ ಸರಿಮಾಡದೆ ಆ್ಯಪ್ ಕಟ್ಟಿದರೆ ಅದೇ ಅಲೆದಾಟ ಫೋನಿಗೆ ಬರುತ್ತೆ, ಅಷ್ಟೆ.

ಕೆಲಸಕ್ಕೆ ಸೇರೋ ದಿನ ಹತ್ತಿರ ಬಂದು, ಟಿಸಿಗಾಗಿ ಊರಿಂದ ರಾತ್ರಿ ಬಸ್ಸು ಹತ್ತಿ ಬರೋ ಸೀನಿಯರ್‌ಗೆ ಒಂದು ದಿನ ಉಳಿಯೋದು ಸಣ್ಣ ವಿಷಯವಲ್ಲ. ಮುಂದಿನ ಬಾರಿ ಕ್ಯೂನಲ್ಲಿ ನಿಂತಾಗ ಬೈಕೊಳ್ಳೋ ಬದಲು ಒಂದು ಪೆನ್ನು ತೆಗೆಯೋಣ.