ಸೂರಕ್ಕಿ ಬರುವ ಅಂಗಳ

ಬಾಗಿದ ಸೂಜಿಯಂಥ ಕೊಕ್ಕನ್ನು ದಾಸವಾಳದ ಬುಡಕ್ಕೆ ಚುಚ್ಚಿ ಮಕರಂದ ಹೀರುತ್ತಿರುವ ಪುಟ್ಟ ಕಪ್ಪು ಹಕ್ಕಿಯ ಚಿತ್ರವನ್ನು ಯಾರಿಗೆ ತೋರಿಸಿದರೂ ಬರುವ ಮೊದಲ ಉದ್ಗಾರ ಒಂದೇ: ‘ಓಹೋ, ಹಮ್ಮಿಂಗ್ ಬರ್ಡ್!’ ಚಿತ್ರ ತೆಗೆದದ್ದು ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಮನೆಯ ಹಿತ್ತಲಿನಲ್ಲಿ ಎಂದರೆ ಅಚ್ಚರಿ ಇಮ್ಮಡಿಯಾಗುತ್ತದೆ. ವಾಸ್ತವವೆಂದರೆ, ಹಮ್ಮಿಂಗ್ ಬರ್ಡ್‌ಗಳ ಸುಮಾರು 360 ಪ್ರಭೇದಗಳೂ ಇಂದು ಅಮೆರಿಕ ಖಂಡಗಳಿಗೆ ಮಾತ್ರ ಸೀಮಿತ. ನಮ್ಮ ಹಿತ್ತಲಿಗೆ ಬರುವುದು ಸೂರಕ್ಕಿ. ದೂರದ ಖಂಡದ ಹಕ್ಕಿಯ ಹೆಸರನ್ನು ಟಿ.ವಿ. ಪರದೆಯಿಂದ ಕಲಿತ ನಮಗೆ ಮನೆಯ ಗೋಡೆಯ ಪಕ್ಕದ ಹಕ್ಕಿಯ ಹೆಸರು ತಿಳಿಯದೆ ಹೋಗಿದೆ.

ಈ ಎರಡು ಕುಲಗಳಿಗೂ ಹತ್ತಿರದ ರಕ್ತಸಂಬಂಧವಿಲ್ಲ. ಹೂವಿನಾಳದ ಮಕರಂದವನ್ನು ಹೀರುವ ಒಂದೇ ಕಸುಬು ಎರಡು ಬೇರೆ ಬೇರೆ ವಂಶಗಳಿಗೆ ಉದ್ದನೆಯ ಕೊಕ್ಕನ್ನೂ ಹೊಳೆಯುವ ಗರಿಯನ್ನೂ ಕೊಟ್ಟಿದೆ. ಜರ್ಮನಿಯಲ್ಲಿ ದೊರೆತ, ಸುಮಾರು 3 ಕೋಟಿ ವರ್ಷ ಹಳೆಯದಾದ ಹಮ್ಮಿಂಗ್ ಬರ್ಡ್ ಪಳೆಯುಳಿಕೆಗಳ ವಿವರ 2004ರಲ್ಲಿ ಪ್ರಕಟವಾದಾಗ, ಆ ಹಕ್ಕಿಯ ಪೂರ್ವಜರು ಒಂದು ಕಾಲಕ್ಕೆ ಯುರೋಪಿನಲ್ಲೂ ಇದ್ದರೆಂಬುದು ಜಗತ್ತಿಗೆ ತಿಳಿಯಿತು. ಇಂದು ಆಫ್ರಿಕ ಮತ್ತು ಏಷ್ಯಗಳ ಹೂವುಗಳಲ್ಲಿ ಆ ಕೆಲಸವನ್ನು ಮುಖ್ಯವಾಗಿ ಮಾಡುತ್ತಿರುವವು ಸೂರಕ್ಕಿಗಳು.

ಛಾಯಾಗ್ರಾಹಕನ ದೃಷ್ಟಿಯಿಂದ ಇವೆರಡರ ನಡುವಿನ ಮುಖ್ಯ ವ್ಯತ್ಯಾಸವೊಂದಿದೆ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತೇ ಉಣ್ಣುತ್ತದೆ. ಸೂರಕ್ಕಿ ಅಪರೂಪಕ್ಕೆ ಕ್ಷಣಕಾಲ ಹಾಗೆ ನಿಲ್ಲಬಲ್ಲದಾದರೂ, ಸಾಮಾನ್ಯವಾಗಿ ಹೂವಿನ ತೊಟ್ಟನ್ನೋ ಪಕ್ಕದ ಟೊಂಗೆಯನ್ನೋ ಹಿಡಿದು ಕುಳಿತು ಉಣ್ಣುತ್ತದೆ. ಆದ್ದರಿಂದ ಅದನ್ನು ಬೆನ್ನಟ್ಟುವ ಅಗತ್ಯವಿಲ್ಲ. ಎಲ್ಲಿ ಕೂರುವುದೆಂದು ಅರಿತು, ಅಲ್ಲಿಗೆ ಫೋಕಸ್ ಹೊಂದಿಸಿ ಕಾದರೆ ಸಾಕು. ನನ್ನ ಹಿತ್ತಲಿನಲ್ಲಿರುವುದು ಎರಡು ದಾಸವಾಳ, ಒಂದು ರತ್ನಗಂಧಿ, ಒಂದು ದಾಳಿಂಬೆ, ಕಾಂಪೌಂಡಿಗೆ ಒರಗಿ ನಿಂತ ಒಂದು ನುಗ್ಗೆ. ಈ ಐದು ಗಿಡಗಳ ನಡುವೆ ಹಕ್ಕಿಗೆ ತನ್ನದೇ ಆದ ಸರದಿಯುಂಟು. ಆ ಸರದಿಯನ್ನು ಅರಿಯಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು. ‘ಏನ್ರಿ ಸರ್, ದಿನಾ ಅದೇ ದಾಸಾಳ ಗಿಡದ ಫೋಟೊ ತಗಿಲತ್ತೀರಲ್ಲ?’ ಎಂದು ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೇಳಿದ್ದೂ ಉಂಟು. ಒಮ್ಮೆ ಕರೆದು ಕ್ಯಾಮೆರಾದ ಪರದೆ ತೋರಿಸಿದೆ. ಈಗ ಹಕ್ಕಿ ಬಂದರೆ ನನಗಿಂತ ಮೊದಲು ಸನ್ನೆ ಮಾಡುವವರು ಅವರೇ.

ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು 10 ಸೆಂಟಿಮೀಟರ್ ಉದ್ದವಿರುವ ನೇರಳೆ ಸೂರಕ್ಕಿಯ ಗಂಡು ನೆರಳಿನಲ್ಲಿ ಇದ್ದಲಿನ ಚೂರಿನಂತೆ ಕಾಣುತ್ತದೆ. ಬೆಳಗಿನ ಓರೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು, ಹಕ್ಕಿ ಕತ್ತನ್ನು ತುಸು ಹೊರಳಿಸಿತೆನ್ನಿ, ಅದೇ ಕಪ್ಪು ನೇರಳೆಯಾಗಿ, ನೀಲಿಯಾಗಿ, ಹಸಿರಾಗಿ ಮಿಂಚುತ್ತದೆ. ಈ ಮಿಂಚು ಬಣ್ಣದ್ರವ್ಯದ್ದಲ್ಲ. ಗರಿಯ ಸೂಕ್ಷ್ಮ ಪದರಗಳ ಮೇಲೆ ಬೆಳಕು ಬಿದ್ದು ಪ್ರತಿಫಲಿಸುವ ಪರಿಯದು. ಆದ್ದರಿಂದ ಬೆಳಕಿನ ಕೋನ ತಪ್ಪಿದರೆ ಎಷ್ಟು ದುಬಾರಿಯ ಲೆನ್ಸ್ ಇದ್ದರೂ ಪ್ರಯೋಜನವಿಲ್ಲ. ಸೆಕೆಂಡಿನ ಸಾವಿರದ ಒಂದು ಭಾಗದ ಶಟರ್ ವೇಗ, ಕಪ್ಪು ಗರಿಯ ವಿವರ ಅಳಿಯದ ಹಾಗೂ ಹೂವಿನ ಕೆಂಪು ಬಿಳಿಚದ ಹಾಗೆ ಅಳೆದ ಬೆಳಕು, ಇಷ್ಟನ್ನು ಹೊಂದಿಸಿಕೊಂಡ ಮೇಲೆ ಉಳಿಯುವುದು ತಾಳ್ಮೆಯೊಂದೇ. ಸಂತಾನ ಋತು ಕಳೆದ ಬಳಿಕ ಇದೇ ಗಂಡು ತನ್ನ ರಾಜಪೋಷಾಕನ್ನು ಕಳಚಿ, ಹಳದಿ ಎದೆಯ ನಡುವೆ ಒಂದು ಕಪ್ಪು ಗೀರನ್ನು ಮಾತ್ರ ಉಳಿಸಿಕೊಂಡು, ಬಹುಪಾಲು ಹೆಣ್ಣಿನಂತೆಯೇ ಕಾಣತೊಡಗುತ್ತದೆ. ವರ್ಷವಿಡೀ ನೋಡಿದವರಿಗಷ್ಟೇ ಇವೆರಡೂ ಒಂದೇ ಹಕ್ಕಿಯ ಎರಡು ರೂಪಗಳೆಂಬುದು ಮನವರಿಕೆಯಾಗುತ್ತದೆ.

ಈ ಕಾಯುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಒಂದು ರೀಲಿಗೆ 36 ಚಿತ್ರಗಳಷ್ಟೇ ದಕ್ಕುತ್ತಿದ್ದ ಕಾಲದಲ್ಲಿ ಕೆಲಸ ಮಾಡಿದವರು. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಸೆರೆಹಿಡಿದದ್ದಷ್ಟೇ ಅಲ್ಲ, ಅವುಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನೂ ಬರೆದರು. ಇಂದು ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುವ ಯಂತ್ರ ನಮ್ಮ ಕೈಯಲ್ಲಿದೆ. ಕ್ಲಿಕ್ಕಿಸುವುದು ಅಗ್ಗವಾದಷ್ಟೂ ಕಾಯುವುದು ದುಬಾರಿಯಾಗಿ ತೋರುತ್ತಿದೆ ಎಂಬುದೇ ನನ್ನ ಆತಂಕ.

ಆ ಆತಂಕಕ್ಕೆ ಕಾರಣವಿದೆ. ಕಳೆದ ಬೇಸಿಗೆಯಲ್ಲಿ ಹೆಣ್ಣು ಸೂರಕ್ಕಿಯೊಂದು ನಮ್ಮ ಕಾಗದದ ಹೂವಿನ ಬಳ್ಳಿಯ ತುದಿಯಲ್ಲಿ ಗೂಡು ಕಟ್ಟಿತು. ತೊಗಟೆಯ ಚೂರು, ಒಣ ಎಲೆ, ನಾರುಗಳನ್ನು ಜೇಡರ ಬಲೆಯ ಎಳೆಗಳಿಂದ ಹೆಣೆದು ತೂಗಬಿಟ್ಟ ಪುಟ್ಟ ಚೀಲವದು. ಬಾಗಿಲಿನ ಮೇಲೆ ಬಿಸಿಲು-ಮಳೆ ತಡೆಯುವ ಸಣ್ಣ ಚಜ್ಜ ಬೇರೆ. ಕಾವು ಕೂರುವುದು ಹೆಣ್ಣು ಮಾತ್ರ. ಮೊಟ್ಟೆಯೊಡೆಯಲು ಸುಮಾರು ಎರಡು ವಾರ. ಸುದ್ದಿ ತಿಳಿದು ಬಂದ ಪರಿಚಿತ ಯುವಕನೊಬ್ಬ ಗೂಡಿನ ಮುಂದಿನ ಎರಡು ಟೊಂಗೆಗಳನ್ನು ದಾರದಿಂದ ಪಕ್ಕಕ್ಕೆ ಕಟ್ಟಿದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆಂದ. ನಾನು ಒಪ್ಪಲಿಲ್ಲ. ಅವನು ಬೇಸರಿಸಿಕೊಂಡೇ ಹೋದ.

ನಿರಾಕರಣೆಗೆ ಭಾವುಕತೆ ಕಾರಣವಲ್ಲ. ಏಪ್ರಿಲ್–ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಮಗೆಲ್ಲ ರೂಢಿಯಾದ ಸಂಗತಿ. ಆ ಬಿಸಿಲಿನಲ್ಲಿ ಎರಡು ಟೊಂಗೆಗಳ ನೆರಳು ತಪ್ಪಿದರೆ ಗೂಡಿನೊಳಗಿನ ರೋಮವಿಲ್ಲದ ಮರಿಗಳ ಗತಿಯೇನು? ಎಲೆಯ ಮರೆ ಹೋದರೆ ಕಾಗೆಗೆ ನಾವೇ ದಾರಿ ತೋರಿಸಿದಂತಾಗುವುದಿಲ್ಲವೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಬೇಟೆ’ ಎಂಬ ಪದದ ವ್ಯಾಖ್ಯೆಯಲ್ಲಿಯೇ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನೂ ಗೂಡುಗಳನ್ನು ಕದಡುವುದನ್ನೂ ಸೇರಿಸಿದೆ. ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಆ ದಿನಗಳಲ್ಲಿ ನಾನು ಬಳ್ಳಿಯ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಬರಿಗಣ್ಣಿನಲ್ಲಿ ನೋಡಿದ್ದೇ ಹೆಚ್ಚು. ಮರಿಗಳೆರಡೂ ಹಾರಿಹೋದವು. ಅವುಗಳ ಒಂದು ಚಿತ್ರವೂ ನನ್ನ ಬಳಿ ಇಲ್ಲ; ಅದರಿಂದ ನನಗೆ ನಷ್ಟವಾಯಿತೆಂದು ಅನಿಸಿಲ್ಲ.

ಸೂರಕ್ಕಿಗೆ ಕಾಡೇ ಬೇಕೆಂದಿಲ್ಲ. ಕಮಲಾಪುರದ ಕಡೆ ಹೋದರೆ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆಯ ತೋಟಗಳಿವೆ. ಬಾಳೆಯ ಹೂವಿನಲ್ಲಿ ಸೂರಕ್ಕಿಗೆ ಬೇಕಾದ ಮಕರಂದ ಯಥೇಚ್ಛ. ಬೇಸಿಗೆಯ ಮೊದಲಲ್ಲಿ ಎಲೆಯುದುರಿಸಿ ಕೆಂಡದಂತೆ ಅರಳುವ ಮುತ್ತುಗವೂ ಅದಕ್ಕೆ ಅಚ್ಚುಮೆಚ್ಚು. ನಗರದಲ್ಲಿ ಈ ಹಕ್ಕಿ ಬಾಳುವುದು ನಮ್ಮ ಹಿತ್ತಲುಗಳ ಔದಾರ್ಯದ ಮೇಲೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಸಕ್ಕರೆ ನೀರು ತುಂಬಿಡುವ ಕೆಂಪು ಬಾಟಲಿಗಳು ಸಿಗುತ್ತವೆ. ನಮ್ಮ ಬಿಸಿಲಿನಲ್ಲಿ ಆ ನೀರು ಬೇಗನೆ ಹುಳಿಯುತ್ತದೆ. ಮೇಲಾಗಿ, ಹಕ್ಕಿಗೆ ಸಿಹಿಯೊಂದೇ ಸಾಲದು. ಮರಿಗಳಿಗೆ ಉಣಿಸಲು ಜೇಡ, ಹುಳು-ಹುಪ್ಪಟೆ ಬೇಕು. ಗಿಡಕ್ಕೆ ಕೀಟನಾಶಕ ಸಿಂಪಡಿಸಿ ಪಕ್ಕದಲ್ಲಿ ಸಕ್ಕರೆ ನೀರಿಡುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದಂತೆ.

ನಮ್ಮ ಜಿಲ್ಲೆಯ ನೆಲದಲ್ಲಿ ಶಹಾಬಾದ್ ಕಲ್ಲು ಹೇರಳ. ಕೆಸರು, ಧೂಳು, ಕಸಗುಡಿಸುವ ಶ್ರಮ ಎಲ್ಲಕ್ಕೂ ಪರಿಹಾರವೆಂದು ಹೊಸ ಮನೆಗಳವರು ಗೋಡೆಯಿಂದ ಗೋಡೆಗೆ ಅಂಗಳವನ್ನೆಲ್ಲ ಫರಸಿಯಿಂದ ಮುಚ್ಚುತ್ತಿದ್ದಾರೆ. ಅವರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಮೂಲೆಯಲ್ಲಿ ಒಂದೆರಡು ಕಲ್ಲುಗಳನ್ನು ಹಾಸದೆ ಬಿಟ್ಟರೆ ಅಷ್ಟು ಮಣ್ಣಿನಲ್ಲಿ ಒಂದು ದಾಸವಾಳ ಬೇರೂರುತ್ತದೆ. ಪಾತ್ರೆ ತೊಳೆದ ನೀರು, ಸಾಬೂನಿನ ಅಂಶ ಹೆಚ್ಚಿಲ್ಲದಿದ್ದರೆ, ಅದಕ್ಕೆ ಸಾಕು. ದಾಸವಾಳದ ಟೊಂಗೆಯೊಂದನ್ನು ನೆರೆಯವರಿಂದ ಕೇಳಿ ತಂದು ಮಳೆಗಾಲದ ಮೊದಲಲ್ಲಿ ನೆಟ್ಟರೂ ಆದೀತು. ಕ್ಯಾಮೆರಾ ಕೊಳ್ಳುವ ವಿಚಾರವನ್ನು ಗಿಡ ಹೂಬಿಟ್ಟ ಮೇಲೆ ಮಾಡಿದರೂ ತಡವೇನಲ್ಲ.