ಬ್ರೇಕಿನ ಸದ್ದು, ಮನೆಯ ಮೌನ

ನಮ್ಮ ಧರ್ಮಕೇಂದ್ರದ ಕುಟುಂಬವೊಂದರ ಈ ಸಂಗತಿಯನ್ನು ಆ ದಂಪತಿಗಳ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಅವರ ಹಳೆಯ ಕಾರಿನ ಬ್ರೇಕು ಒತ್ತಿದಾಗಲೆಲ್ಲ ಕಿರ್ರೆಂದು ಕೂಗಲಾರಂಭಿಸಿ ಎರಡು ತಿಂಗಳಾಗಿತ್ತು. ಪತ್ನಿ ದಿನವೂ ನೆನಪಿಸುತ್ತಿದ್ದರು. ಪತಿ ದಿನವೂ "ಈ ಭಾನುವಾರ ಖಂಡಿತ" ಎನ್ನುತ್ತಿದ್ದರು. ಭಾನುವಾರ ಗ್ಯಾರೇಜಿಗೆ ರಜೆ!

ಕೊನೆಗೆ ಆಕೆ ನನ್ನಲ್ಲಿಗೆ ಬಂದರು. "ಫಾದರ್, ಕ್ರಿಸ್ಮಸ್ಸಿಗೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ನನ್ನ ಮಾತು ಅವರ ಕಿವಿಗೆ ಬೀಳುವುದಿಲ್ಲ. ಪ್ರಬೋಧನೆಯಲ್ಲಿ ನೀವಾದರೂ ಒಂದು ಮಾತು ಹೇಳಿ."

ಹೇಳಿದೆ. ಹೇಳಬಾರದಿತ್ತು. ಸೋಮಾರಿತನವೂ ಏಳು ಮೂಲಪಾಪಗಳಲ್ಲೊಂದೆಂದು ಉದಾಹರಣೆ ಸಹಿತ ವಿವರಿಸಿದೆ. ಉದಾಹರಣೆ ಯಾರದೆಂದು ಆತನಿಗೆ ತಿಳಿಯದಿರಲಿಲ್ಲ. ಆ ಮನೆಯಲ್ಲಿ ಹದಿನೈದು ದಿನ ಮಾತಿಲ್ಲ. ಬ್ರೇಕು ಮಾತ್ರ ಕೂಗುತ್ತಲೇ ಇತ್ತು. ತಪ್ಪಿದವನೊಡನೆ ಮೊದಲು ಏಕಾಂತದಲ್ಲಿ ಮಾತನಾಡಬೇಕು, ಸಭೆಗೆ ತಿಳಿಸುವುದು ಕಡೆಯ ಹೆಜ್ಜೆ. ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಪ್ರಭು ಬೋಧಿಸಿದ ಈ ಕ್ರಮವನ್ನು ನಾನು ತಲೆಕೆಳಗು ಮಾಡಿದ್ದೆ. ಮನೆಗೆ ಹೋಗಿ ಕ್ಷಮೆ ಕೇಳಿದೆ.

ಒಳಿತನ್ನು ಅರಿತ ಮನುಷ್ಯ ಅದನ್ನೇಕೆ ಮಾಡುವುದಿಲ್ಲ? ಗುರುಮಠದಲ್ಲಿ ಅರಿಸ್ಟಾಟಲನನ್ನು ಓದುವಾಗ ಈ ಪ್ರಶ್ನೆ ನಮ್ಮನ್ನು ಕಾಡುತ್ತಿತ್ತು. 387ರಲ್ಲಿ ದೀಕ್ಷಾಸ್ನಾನ ಪಡೆದ ಸಂತ ಅಗಸ್ಟೀನರು ಕೂಡ, ಸತ್ಯ ಮನವರಿಕೆಯಾದ ಮೇಲೂ ನಾಳೆ ನಾಳೆಯೆಂದು ದಿನ ದೂಡಿದವರೇ. ಮುಂದೂಡುವವನಲ್ಲಿ ತಿಳಿವಳಿಕೆಗೆ ಕೊರತೆಯಿರುವುದಿಲ್ಲ. ಹಾಗಿರುವಾಗ ತಿಳಿದದ್ದನ್ನೇ ನೂರು ಸಲ ಹೇಳಿ ಫಲವೇನು? ಅಡ್ಡಿ ಯಾವುದೆಂದು ಕೇಳಬೇಕು.

ಆಕೆ ಕೇಳಿದರು, ನಾನು ಹೊರಟ ಮೇಲೆ, ಮಕ್ಕಳು ಮಲಗಿದ ಬಳಿಕ. "ಯಾಕೆ ಮಾಡಿಸಲಿಲ್ಲ?" ಎಂದಲ್ಲ, "ಏನು ತೊಂದರೆಯಾಗಿದೆ, ಹೇಳಿ" ಎಂದು. ರಿಪೇರಿಗೆಂದು ಎತ್ತಿಟ್ಟಿದ್ದ ಹಣವನ್ನು ಆತ ತಮ್ಮನ ಆಸ್ಪತ್ರೆಯ ಖರ್ಚಿಗೆ ಕೊಟ್ಟುಬಿಟ್ಟಿದ್ದರು. ಅದನ್ನು ಹೆಂಡತಿಗೆ ಹೇಳಲಾರದೆ ಗ್ಯಾರೇಜಿನ ದಾರಿಯನ್ನೇ ತಪ್ಪಿಸುತ್ತಿದ್ದರು. ನಾನು ಬಲಿಪೀಠದ ಬಳಿ ನಿಂತು ಸೋಮಾರಿತನವೆಂದು ಹೆಸರಿಟ್ಟದ್ದು ಸಂಕೋಚವಾಗಿತ್ತು.

ಮರುದಿನ ಆಕೆಯೇ ಫೋನು ಮಾಡಿ ಮೆಕ್ಯಾನಿಕನನ್ನು ಮನೆಗೆ ಕರೆಸಿದರು. ಚಕ್ರ ಬಿಚ್ಚಿದರೆ ಪ್ಯಾಡು ಪೂರ್ತಿ ಸವೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕಿನ ಮೇಲೆ ಆಳವಾದ ಗೀರು. ಮೊದಲೇ ತೋರಿಸಿದ್ದರೆ ಪ್ಯಾಡಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ಈಗ ಡಿಸ್ಕೂ ಹೊಸದಾಗಬೇಕು. ಬ್ರೇಕ್ ಆಯಿಲನ್ನು ವರ್ಷಗಳಿಂದ ಬದಲಿಸಿರಲಿಲ್ಲ. ಗಾಳಿಯ ತೇವ ಹೀರಿದ ಹಳೆಯ ಆಯಿಲು ಘಾಟಿಯ ಇಳಿಜಾರಿನ ಕಾವಿಗೆ ಕುದಿದರೆ, ಪೆಡಲು ತಳ ಮುಟ್ಟಿದರೂ ಕಾರು ನಿಲ್ಲುವುದಿಲ್ಲವೆಂದು ಮೆಕ್ಯಾನಿಕ ಹೇಳಿದಾಗ ಇಬ್ಬರೂ ಮಕ್ಕಳ ಕಡೆ ನೋಡಿದರಂತೆ. "ನಾನು ಹೇಳಿರಲಿಲ್ಲವೇ?" ಎಂಬ ಎರಡು ಪದಗಳನ್ನು ನುಂಗಿಕೊಳ್ಳುವುದು ತಪಸ್ಸುಕಾಲದ ಉಪವಾಸಕ್ಕಿಂತ ಕಷ್ಟವಾಯಿತೆಂದು ಆಕೆ ಆಮೇಲೆ ನನಗೆ ತಿಳಿಸಿದರು. ಹಣವನ್ನು ಎರಡು ಕಂತುಗಳಲ್ಲಿ ಕೊಡುವುದೆಂದಾಯಿತು.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಮುಂಚೆ ಕಾರನ್ನು ಆಶೀರ್ವದಿಸಿಕೊಡಿರೆಂದು ದೇವಾಲಯದ ಅಂಗಳಕ್ಕೆ ತಂದು ನಿಲ್ಲಿಸಿದರು. ಪವಿತ್ರ ಜಲ ಪ್ರೋಕ್ಷಿಸುವ ಮುನ್ನ ಗ್ಯಾರೇಜಿನ ಬಿಲ್ಲು ತೋರಿಸಿ ಎಂದೆ. ಆತ ನಗುತ್ತ ಜೇಬಿಗೆ ಕೈ ಹಾಕಿದರು.