ಠಾಣೆಗೂ ಕೋರ್ಟಿಗೂ ನಡುವೆ ಒಂದು ಅಂಚೆ ಕಚೇರಿ

ಸಂಗೀತ ಬಲ್ಲವರಿಗೆ ಬೆಳಕವಾಡಿ ಎಂದರೆ ಮೈಸೂರು ಆಸ್ಥಾನದಲ್ಲಿ ಹಾಡಿದ ಶ್ರೀನಿವಾಸ ಅಯ್ಯಂಗಾರ್ಯರ ಊರು. ಪತ್ರಿಕೆ ಓದುವವರಿಗೆ ಮಾತ್ರ, ಗಗನಚುಕ್ಕಿ ಕಡೆ ಏನಾದರೂ ಅವಘಡವಾದಾಗ ಸುದ್ದಿಯ ಕೊನೆಗೆ ಬರುವ ‘ಬೆಳಕವಾಡಿ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ’ ಎಂಬ ಸಾಲು. ಆ ಸಾಲು ಬರೆಯಿಸಿಕೊಳ್ಳಲಾಗದವನು ಎಲ್ಲಿಗೆ ಹೋಗಬೇಕು? ಅದನ್ನು ನಡೆದೇ ನೋಡೋಣ ಎಂದು ಬಂದೆ.

ಟೀ ಅಂಗಡಿಯಲ್ಲಿ ಯಜಮಾನರೊಬ್ಬರನ್ನು ಕೇಳಿದರೆ ಉತ್ತರ ಸಿದ್ಧವಿತ್ತು. “ಸ್ಟೇಷನ್ನಲ್ಲಿ ತಗಳ್ದಿದ್ರೆ ಪಿಸಿಆರ್ ಹಾಕ್ಸದು ಕನಣ್ಣ, ಇನ್ನೇನು!” ಖಾಸಗಿ ದೂರು ಎಂಬ ಪುಸ್ತಕದ ಮಾತು ಇಲ್ಲಿ ಯಾರ ಬಾಯಲ್ಲೂ ಇಲ್ಲ. ಕೋರ್ಟಿನಲ್ಲಿ ಅಂಥ ದೂರಿಗೆ ಬೀಳುವ ಪಿ.ಸಿ.ಆರ್. ನಂಬರೇ ಅದರ ಹೆಸರಾಗಿಬಿಟ್ಟಿದೆ. ಆದರೆ ಆ ಯಜಮಾನರು ದಾರಿಯ ನಡುವಿನ ಒಂದು ನಿಲ್ದಾಣ ಬಿಟ್ಟು ಹೇಳಿದ್ದರು.

ಮೊದಲ ಮೆಟ್ಟಿಲು ಠಾಣೆಯೇ. ದೂರು ಕೊಟ್ಟವನಿಗೆ ಎಫ್‌ಐಆರ್ ಸಿಗದಿದ್ದರೆ ಕೈಗೆ ಹಿಂಬರಹ ಬರಬಹುದು. ‘ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ’ ಎಂಬುದು ರಾಜ್ಯದ ಎಲ್ಲ ಕಡೆಯ ಹಿಂಬರಹಗಳ ಪರಿಚಿತ ಒಕ್ಕಣೆ. ಹಳ್ಳಿಯ ಜಗಳದ ಬೇರು ಬಹುಪಾಲು ಬದುವಿನಲ್ಲೇ ಇರುವುದರಿಂದ ಅದು ಎಷ್ಟೋ ಸಲ ನಿಜವೂ ಹೌದು. ಅದನ್ನು ಸಿಟ್ಟಿನಲ್ಲಿ ಹರಿದು ಬಿಸಾಡಿದವನು ಕೆಟ್ಟ.

ಎರಡನೆಯದು, ಯಜಮಾನರು ಮರೆತದ್ದು, ಅಂಚೆ ಕಚೇರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ, ಠಾಣೆ ದೂರು ದಾಖಲಿಸದಿದ್ದರೆ ಅದನ್ನು ಬರವಣಿಗೆಯಲ್ಲಿ ಅಂಚೆ ಮೂಲಕ ಎಸ್‌ಪಿಗೆ ಕಳಿಸಬೇಕು. ಇಲ್ಲಿಯವರಿಗೆ ಅದು ಮಂಡ್ಯ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರು. ರಿಜಿಸ್ಟರ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಹೆಸರು ಹೋದರೂ ರಸೀದಿ ಉಳಿದಿದೆ. ಅಂಗೈಯಗಲದ ಆ ಚೀಟಿಯೇ ಮುಂದೆ ವಕೀಲರು ಮೊದಲು ಕೇಳುವ ಕಾಗದ.

ಇಷ್ಟು ಬಿಗಿ ಯಾಕೆ ಬಂತು ಎಂಬುದಕ್ಕೆ ಕಥೆಯಿದೆ. ಸಾಲ ತೀರಿಸದವರು ಸಾಲ ಕೊಟ್ಟ ಸಂಸ್ಥೆಯ ಅಧಿಕಾರಿಗಳ ಮೇಲೆಯೇ ಒಂದರ ಹಿಂದೊಂದು ದೂರು ಹಾಕಿ ಕಾಡಿದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಆ ಪ್ರಿಯಾಂಕಾ ಶ್ರೀವಾಸ್ತವ ತೀರ್ಪು, ಠಾಣೆಗೂ ಎಸ್‌ಪಿಗೂ ಹೋಗಿದ್ದಕ್ಕೆ ದಾಖಲೆ ಮತ್ತು ಅರ್ಜಿಯ ಜೊತೆ ಪ್ರಮಾಣಪತ್ರ ಬೇಕೇ ಬೇಕೆಂದಿತು. ಹೊಸ ಸಂಹಿತೆ ಪ್ರಮಾಣಪತ್ರವನ್ನು ಕಾನೂನಿನಲ್ಲೇ ಬರೆದುಕೊಂಡಿತು. ಹಗೆ ಸಾಧಿಸುವವನಿಗೆ ಹಾಕಿದ ಬೇಲಿಯನ್ನು ಹೊಡೆತ ತಿಂದವನೂ ದಾಟಬೇಕು.

ಬಸ್ಸು ಹತ್ತಿ ಮಳವಳ್ಳಿಗೆ ಇಳಿದರೆ ಜೆಎಂಎಫ್‌ಸಿ ನ್ಯಾಯಾಲಯ. ದಾರಿ ಇಲ್ಲಿ ಕವಲೊಡೆಯುತ್ತದೆ. ಪೊಲೀಸರೇ ತನಿಖೆ ಮಾಡಲಿ ಎಂದು 175(3)ರ ಕೆಳಗೆ ಆದೇಶ ಬೇಡುವುದು ಒಂದು. ಪೊಲೀಸರನ್ನು ಬಿಟ್ಟು, 223ರ ಕೆಳಗೆ ನ್ಯಾಯಾಧೀಶರ ಮುಂದೆ ತಾನೇ ನಿಂತು ಪ್ರಮಾಣ ಮಾಡಿ ಹೇಳಿಕೆ ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಸಾಕ್ಷಿ ತರುವ ಹೊಣೆ ದೂರುದಾರನ ಹೆಗಲಿಗೆ. ಊರಲ್ಲಿ ಸಾಕ್ಷಿ ಎಂದರೆ ಪಕ್ಕದ ಗದ್ದೆಯವನು. ನಾಳೆ ಅವನಿಗೂ ನೀರು ಬರಬೇಕಾದದ್ದು ಆರೋಪಿಯ ಬದುವಿನ ಮೇಲೆಯೇ. ಕಣ್ಣಾರೆ ಕಂಡದ್ದನ್ನು ಅವನು ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಎಂದು ಯಾವ ಕಲಮೂ ಬರೆದಿಲ್ಲ.

ಹೊಸದೊಂದು ತಿರುವೂ ಇದೆ: ಆರೋಪಿಯ ಮಾತನ್ನು ಕೇಳದೆ ಮ್ಯಾಜಿಸ್ಟ್ರೇಟರು ದೂರನ್ನು ವಿಚಾರಣೆಗೆ ಕೈಗೆತ್ತಿಕೊಳ್ಳುವಂತಿಲ್ಲ. ಹಾಗಾದರೆ ಮೊದಲು ಯಾರ ಮಾತು? ಸಚಿವ ಶಿವಾನಂದ ಪಾಟೀಲರು ಬಸನಗೌಡ ಯತ್ನಾಳರ ಮೇಲೆ ಹೂಡಿದ ಮಾನನಷ್ಟದ ಖಾಸಗಿ ದೂರಿನಲ್ಲಿ ನಮ್ಮ ಹೈಕೋರ್ಟ್ 2024ರಲ್ಲಿ ಇದನ್ನು ಬಿಡಿಸಿ ಹೇಳಿತು. ಮೊದಲು ದೂರುದಾರನ ಪ್ರಮಾಣದ ಹೇಳಿಕೆ, ಆಮೇಲೆ ಆರೋಪಿಗೆ ನೋಟಿಸು. ಎಲ್ಲ ದಾಟಿ ಸಮನ್ಸು ಹೊರಟ ಮೇಲೆ ಪಿ.ಸಿ.ಆರ್. ನಂಬರು ಸಿ.ಸಿ. ನಂಬರಾಗುತ್ತದೆ.

ದೊಡ್ಡವರ ಪ್ರಕರಣಗಳೂ ಇದೇ ಬಾಗಿಲಿನಿಂದ ಬಂದಂಥವು. ಮುಡಾ ನಿವೇಶನದ ವಿಷಯದಲ್ಲಿ ಸ್ನೇಹಮಯಿ ಕೃಷ್ಣ ಅವರ ಖಾಸಗಿ ದೂರಿನ ಮೇಲೆ ವಿಶೇಷ ನ್ಯಾಯಾಲಯ 2024ರ ಸೆಪ್ಟೆಂಬರ್ 25ರಂದು ಲೋಕಾಯುಕ್ತ ತನಿಖೆಗೆ ಆದೇಶಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಸಿದ್ದರಾಮಯ್ಯನವರ ಮೇಲಿನ ಆರೋಪಕ್ಕೆ ಸಾಕ್ಷ್ಯವಿಲ್ಲವೆಂದು ಪೊಲೀಸರು ಬಿ ರಿಪೋರ್ಟ್ ಹಾಕಿದರು. ಇದೇ ಜಿಲ್ಲೆಯ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಆಸ್ತಿ ಪ್ರಕರಣಕ್ಕೂ 1996ರ ಸುಬ್ರಮಣಿಯನ್ ಸ್ವಾಮಿಯವರ ದೂರೇ ಮೂಲ. ಬೆಂಗಳೂರಿನಲ್ಲಿ ತೀರ್ಪು ಬರುವಾಗ 2014.

ತಾಲ್ಲೂಕು ಕೋರ್ಟಿನ ಕಟ್ಟುಗಳಲ್ಲಿ ಮುಖ್ಯಮಂತ್ರಿಗಳಿಲ್ಲ, ಚೆಕ್ಕುಗಳಿವೆ. ಚೆಕ್ ಬೌನ್ಸ್ ಕೇಸಿಗೆ ಠಾಣೆಯ ಮೆಟ್ಟಿಲೇ ಇಲ್ಲ, ನೇರ ಖಾಸಗಿ ದೂರು. ಆದರೆ ಅದೂ ಹೊರಡುವುದು ಅಂಚೆ ಕಚೇರಿಯಿಂದಲೇ: ಬ್ಯಾಂಕಿನ ಮೆಮೋ ಸಿಕ್ಕ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು.

ವಾಪಸ್ ಬಸ್ಸಿಗೆ ಕಾಯುತ್ತ ಜೆರಾಕ್ಸ್ ಅಂಗಡಿ ನೆರಳಿಗೆ ನಿಂತೆ. ಒಬ್ಬರು ಅಂಗಿ ಜೇಬಿನಿಂದ ಬೆವರಿಗೆ ಮೆತ್ತಗಾದ ರಸೀದಿ ತೆಗೆದರು. ಅಂಗಡಿಯ ಹುಡುಗ ಅದನ್ನು ಬೆಳಕಿಗೆ ಹಿಡಿದು ನೋಡಿ, “ಅಕ್ಷರ ಅಳ್ಸೋಯ್ತಾವೆ ಕನಣ್ಣ, ಎಲ್ಡ್ ಕಾಪಿ ತಗೀಲಾ?” ಎಂದ. ಅವರು ಮೂರು ತೆಗೆಸಿದರು.